ಬಿಸಿಲೇರುವ ಮೊದಲು, ಬಿಸಿಲಿಳಿದ ಮೇಲೆ

ಮೂರು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಯಲ್ಲಿ ಶಾಲೆ ಮತ್ತೆ ಆರಂಭವಾಗುವ ಹಿಂದಿನ ದಿನ, ಮಗಳ ಸಮವಸ್ತ್ರವನ್ನು ಬೀರುವಿನಿಂದ ತೆಗೆದು ಅವಳಿಗೆ ತೊಡಿಸಿ ನೋಡಿದೆ. ಸ್ಕರ್ಟಿನ ಕೊಕ್ಕೆ ಕೂಡಲಿಲ್ಲ. ಬೆಳೆಯುವ ಮಕ್ಕಳ ಬಟ್ಟೆ ಗಿಡ್ಡವಾಗುವುದು ಸಹಜ. ಆದರೆ ಆ ಸ್ಕರ್ಟು ಉದ್ದದಲ್ಲಿ ಸರಿಯಾಗಿಯೇ ಇತ್ತು, ಸೊಂಟದಲ್ಲಿ ಮಾತ್ರ ಬಿಗಿಯಾಗಿತ್ತು. ಆಗ ಅವಳಿಗೆ ಎಂಟು ವರ್ಷ, ಅವಳ ತಮ್ಮನಿಗೆ ಐದು. ಏಪ್ರಿಲ್ ಎರಡನೆಯ ವಾರ ರಜೆ ಶುರುವಾದಾಗಿನಿಂದ ಆ ದಿನದವರೆಗೆ ಅವರಿಬ್ಬರೂ ಹೇಗೆ ಕಾಲ ಕಳೆದಿದ್ದರು ಎಂದು ಕುಳಿತು ಯೋಚಿಸಿದಾಗ ನನ್ನ ಕಣ್ಣ ಮುಂದೆ ಬಂದದ್ದು ಒಂದೇ ಚಿತ್ರ: ಫ್ಯಾನಿನ ಕೆಳಗೆ ಹಾಸಿದ ಚಾಪೆ, ಅದರ ಮೇಲೆ ಒರಗಿದ ಎರಡು ತಲೆಗಳು, ನಡುವೆ ಒಂದು ಮೊಬೈಲು ಮತ್ತು ಹಪ್ಪಳದ ತಟ್ಟೆ.

ರಜೆಯೆಂದರೆ ಮಕ್ಕಳು ಮೈ ಬಿಟ್ಟು ಆಡುವ ಕಾಲ, ಶಾಲೆಯೆಂದರೆ ಕೂತಲ್ಲೇ ಕೂರುವ ಕಾಲ ಎಂಬ ನಂಬಿಕೆಯಲ್ಲಿ ನಾವೆಲ್ಲ ಬೆಳೆದವರು. ನಮ್ಮ ಕಾಲಕ್ಕೆ ಅದು ನಿಜವೇ ಆಗಿತ್ತು. ಈಗ ಅದು ತಲೆಕೆಳಗಾಗಿದೆ. ಅಮೆರಿಕದಲ್ಲಿ ಪುಟ್ಟ ಮಕ್ಕಳ ತೂಕ ಮತ್ತು ಎತ್ತರವನ್ನು ಅಳೆದು ಲೆಕ್ಕ ಹಾಕಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಎತ್ತರಕ್ಕೆ ಹೋಲಿಸಿದಾಗ ಮಕ್ಕಳ ತೂಕ ಶಾಲೆಯ ತಿಂಗಳುಗಳಿಗಿಂತ ಬೇಸಿಗೆ ರಜೆಯಲ್ಲೇ ವೇಗವಾಗಿ ಏರುತ್ತದೆ ಎಂಬುದು ಅದರಲ್ಲಿ ಕಂಡುಬಂದ ಸಂಗತಿ. ಅಲ್ಲಿನ ಊಟ ಬೇರೆ, ಹವೆ ಬೇರೆ, ನಿಜ. ಆದರೂ ಕಾರಣವನ್ನು ಯೋಚಿಸಿದರೆ ಅದು ನಮ್ಮ ಮನೆಗೂ ಹೊಂದುತ್ತದೆ. ಶಾಲೆಯ ದಿನಕ್ಕೆ ಒಂದು ಕಟ್ಟುಪಾಡಿದೆ: ಬೆಳಗ್ಗೆ ಏಳುವ ಹೊತ್ತು, ಬಸ್ಸಿಗೆ ನಡೆಯುವ ದಾರಿ, ಮೆಟ್ಟಿಲು, ಆಟದ ಪೀರಿಯಡ್ಡು, ಗಂಟೆ ಹೊಡೆದಾಗ ಮಾತ್ರ ತೆರೆಯುವ ಊಟದ ಡಬ್ಬಿ. ರಜೆಯಲ್ಲಿ ಇವೆಲ್ಲ ಒಟ್ಟಿಗೇ ಕಳಚಿ ಬೀಳುತ್ತವೆ. ಹಿಂದೆ ಆ ಖಾಲಿ ಜಾಗವನ್ನು ಬೀದಿ ತುಂಬುತ್ತಿತ್ತು. ಈಗ ಬೀದಿಯ ಬದಲು ಚಾಪೆ ಬಂದಿದೆ.

ಮರುವರ್ಷ ನಾನು ಮೊದಲು ಮಾಡಿದ್ದು, ಎಲ್ಲರೂ ಮಾಡುವಂತೆ, ಒಂದು ಬೇಸಿಗೆ ಶಿಬಿರಕ್ಕೆ ಹಣ ಕಟ್ಟಿದ್ದು. ಬೇಸಿಗೆ ಶಿಬಿರಗಳ ಬಗ್ಗೆ ನನಗೆ ಅಸಡ್ಡೆಯಿಲ್ಲ. ನಾನಿರುವ ಮೈಸೂರಿನಲ್ಲಿ ರಂಗಾಯಣದ ಚಿಣ್ಣರ ಮೇಳ ಬಹುಕಾಲದಿಂದ ಮಕ್ಕಳ ರಜೆಯ ಭಾಗವಾಗಿದೆ. ಅಂಥಲ್ಲಿ ಹಾಡುತ್ತ, ಕುಣಿಯುತ್ತ, ನಾಟಕ ಕಟ್ಟುತ್ತ ಮಕ್ಕಳು ಕಲಿಯುವುದನ್ನು ಮನೆಯಲ್ಲಿ ಯಾವ ತಂದೆತಾಯಿಯೂ ಕೊಡಲಾರರು. ಆದರೆ ನಮ್ಮ ಪಾಲಿಗೆ ಸಿಕ್ಕಿದ್ದು ಬಡಾವಣೆಯ ಒಂದು ಸಭಾಂಗಣದಲ್ಲಿ ನಡೆಯುತ್ತಿದ್ದ ಶಿಬಿರ. ಬೆಳಗ್ಗೆ ಹತ್ತರಿಂದ ಒಂದರವರೆಗೆ ಚಿತ್ರಕ್ಕೆ ಬಣ್ಣ ತುಂಬುವುದು, ಕಾಗದ ಕತ್ತರಿಸಿ ಅಂಟಿಸುವುದು, ಬೆಂಕಿಯಿಲ್ಲದ ಅಡುಗೆ, ನಡುವೆ ಒಂದು ಪೊಟ್ಟಣ ಚಿಪ್ಸು ಮತ್ತು ಸಿಹಿ ಪಾನೀಯ. ಒಂದು ವಾರದ ನಂತರ ಮಗಳನ್ನು ಕೇಳಿದೆ: "ಇವತ್ತು ಎಷ್ಟು ಹೊತ್ತು ಓಡಿದೆ, ಪುಟ್ಟಿ?" ಅವಳು ಸ್ವಲ್ಪ ಯೋಚಿಸಿ, "ಕೈ ತೊಳೆಯೋಕೆ ಹೋಗುವಾಗ ಓಡಿದ್ವಿ, ಅಮ್ಮ" ಎಂದಳು. ಮಕ್ಕಳನ್ನು ಒಂದು ಕಡೆ ಕೂರಿಸುವುದಕ್ಕೇ ನಾನು ದುಡ್ಡು ಕೊಟ್ಟಿದ್ದೆ ಎಂದು ಆಗ ಅರ್ಥವಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ಉಸಿರು ಏರುವಷ್ಟು ಬಿರುಸಾದ ದೈಹಿಕ ಚಟುವಟಿಕೆ ಬೇಕು. ವಾರದಲ್ಲಿ ಕನಿಷ್ಠ 3 ದಿನ ಮೂಳೆಗಳನ್ನೂ ಸ್ನಾಯುಗಳನ್ನೂ ಗಟ್ಟಿ ಮಾಡುವಂಥದ್ದು ಇರಬೇಕು. ಅರುವತ್ತು ನಿಮಿಷ ಎಂದ ಕೂಡಲೇ ನಮ್ಮಂಥ ದೊಡ್ಡವರಿಗೆ ಹೊಳೆಯುವುದು ವಾಕಿಂಗು, ಜಿಮ್ಮು, ಯೋಗದ ತರಗತಿ. ನಾನೂ ಹಾಗೆಯೇ ಗೋಡೆಗೆ ಒಂದು ವೇಳಾಪಟ್ಟಿ ಅಂಟಿಸಿದೆ: 6.30ಕ್ಕೆ ಸೂರ್ಯನಮಸ್ಕಾರ, 6.45ಕ್ಕೆ ಸ್ಕಿಪ್ಪಿಂಗ್, 7ಕ್ಕೆ ಪಾರ್ಕಿನಲ್ಲಿ ನಾಲ್ಕು ಸುತ್ತು. ಅದು ಒಂಬತ್ತು ದಿನ ನಡೆಯಿತು. ಒಂಬತ್ತನೆಯ ದಿನ ಮಗಳು ಸ್ಕಿಪ್ಪಿಂಗ್ ಹಗ್ಗವನ್ನು ಕೈಯಲ್ಲಿ ಹಿಡಿದು ನಿಂತು, "ಇನ್ನೆಷ್ಟು ಬಾಕಿ?" ಎಂದು ಕೇಳಿದ ಬಗೆಯಲ್ಲಿ, ಹೋಂವರ್ಕಿನ ಪುಟ ಎಣಿಸುವಾಗಿನ ದಣಿವೇ ಇತ್ತು. ಮಗುವಿಗೆ ವ್ಯಾಯಾಮವೆಂಬುದು ಬೇರೆಯಾಗಿ ಇರುವುದಿಲ್ಲ. ಅದಕ್ಕೆ ಇರುವುದು ಆಟ, ಮತ್ತು ಆಟಕ್ಕೆ ಬೇಕಾಗುವುದು ಇನ್ನೊಂದು ಮಗು. ನನ್ನ ಮಕ್ಕಳಿಗೆ ಕೊರತೆಯಾಗಿದ್ದದ್ದು ಶಿಸ್ತೂ ಅಲ್ಲ, ತರಬೇತಿಯೂ ಅಲ್ಲ, ಜೊತೆಗಾರರು.

ಮಕ್ಕಳೇನೋ ನಮ್ಮ ಕ್ರಾಸಿನಲ್ಲಿ ಇದ್ದರು. ಎಣಿಸಿ ನೋಡಿದರೆ ಆರರಿಂದ ಹದಿಮೂರು ವರ್ಷದವರು ಹನ್ನೊಂದು ಮಂದಿ, ಒಂಬತ್ತು ಮನೆಗಳಲ್ಲಿ, ಒಂಬತ್ತು ಗೇಟುಗಳ ಹಿಂದೆ. ಒಂದು ಸಂಜೆ ಬಾಗಿಲು ಬಾಗಿಲಿಗೆ ಹೋಗಿ ಅವರ ಅಮ್ಮಂದಿರನ್ನು, ಅಜ್ಜಿಯರನ್ನು ಮಾತನಾಡಿಸಿದೆ. ಎಲ್ಲರ ಮಾತೂ ಒಂದೇ: ಬೀದಿಯಲ್ಲಿ ಸ್ಕೂಟರು, ಕಾರು, ಪಾರ್ಕಿನಲ್ಲಿ "ಚೆಂಡಾಟ ನಿಷೇಧಿಸಿದೆ" ಎಂಬ ಫಲಕ, ಒಂಟಿಯಾಗಿ ಕಳಿಸಲು ಭಯ. ಕೊನೆಗೆ ಮೂಲೆ ಮನೆಯ ನಿವೃತ್ತ ಮೇಷ್ಟ್ರು, "ನೋಡಮ್ಮ, ನಾನು ಹೇಗೂ ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಮಕ್ಕಳು ಆಡಲಿ, ಗಾಡಿ ಬಂದರೆ ಕೂಗ್ತೀನಿ" ಎಂದರು. ಆ ಒಂದು ಕುರ್ಚಿಯಿಂದಲೇ ಎಲ್ಲವೂ ಸಾಧ್ಯವಾಯಿತು. ಐದೂವರೆಯಿಂದ ಏಳರವರೆಗೆ ಕಾರುಗಳನ್ನು ರಸ್ತೆಯ ಒಂದೇ ಬದಿಗೆ ನಿಲ್ಲಿಸಲು ಎಲ್ಲರೂ ಒಪ್ಪಿದರು. ಮೊದಲ ವಾರ ಒಂದು ಕಿಟಕಿ ಗಾಜು ಒಡೆಯಿತು. ಅಷ್ಟೂ ಮನೆಯವರು ಸೇರಿ ಅದರ ಹಣ ಕೊಟ್ಟೆವು.

ಲಗೋರಿಯ ಕಲ್ಲುಗಳು ಸಿಕ್ಕಿದ್ದು ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಗ್ರಾನೈಟ್ ತುಂಡುಗಳಿಂದ. ಅಡಿಯ ಕಲ್ಲು ಅಂಗೈಗಿಂತ ದೊಡ್ಡದು, ಮೇಲಿನದು ಬಿಸ್ಕತ್ತಿನಷ್ಟು. ಈ ಆಟವನ್ನು ನಾನು ಬಾಲ್ಯದಲ್ಲಿ ನೂರಾರು ಸಲ ಆಡಿದ್ದರೂ, ಅದು ದೇಹದಿಂದ ಏನೆಲ್ಲ ದುಡಿಸಿಕೊಳ್ಳುತ್ತದೆ ಎಂದು ಮೊದಲ ಬಾರಿಗೆ ನೋಡಿದ್ದು ಆ ಸಂಜೆಗಳಲ್ಲೇ. ಚೆಂಡು ಎಸೆಯುವವನು ಗೆರೆಯ ಮೇಲೆ ನಿಂತು ಭುಜ, ಸೊಂಟ, ಕಣ್ಣು ಮೂರನ್ನೂ ಒಂದು ಗುರಿಗೆ ತರಬೇಕು. ಕಲ್ಲು ಬಿದ್ದ ಕ್ಷಣಕ್ಕೆ ಎರಡೂ ಗುಂಪು ಚದುರಿ ಓಡಬೇಕು. ಕಟ್ಟುವ ಗುಂಪಿನವರು ನುಗ್ಗಿ ಬಂದು, ಕುಕ್ಕರಗಾಲಿನಲ್ಲಿ ಕುಳಿತು, ಎರಡು ಕಲ್ಲು ಜೋಡಿಸಿ, ಚೆಂಡು ಬರುವುದನ್ನು ಕಂಡು ತಟ್ಟನೆ ಎದ್ದು ಬಾಗಿ ತಪ್ಪಿಸಿಕೊಂಡು ಮತ್ತೆ ಓಡಬೇಕು. ಎದುರು ಮನೆಯ ಏಳು ವರ್ಷದ ಹುಡುಗಿಯೊಬ್ಬಳು ಎಡಗೈಯಿಂದ ಕಲ್ಲು ಪೇರಿಸುತ್ತ, ಕತ್ತನ್ನು ಹಿಂದಕ್ಕೆ ತಿರುಗಿಸಿ ಚೆಂಡಿನ ಮೇಲೆ ಕಣ್ಣಿಟ್ಟಿದ್ದಳು. ಚೆಂಡು ಬೆನ್ನಿಗೆ ಬರುವ ಹೊತ್ತಿಗೆ ಅವಳು ಅಲ್ಲಿರಲಿಲ್ಲ. ಓಟ, ನಿಲುಗಡೆ, ತಿರುವು, ಬೈಠಕ್ಕು, ಎಸೆತ ಎಲ್ಲವನ್ನೂ ಆ ಹುಡುಗಿ ಒಂದು ನಿಮಿಷದಲ್ಲಿ ಮಾಡಿದ್ದಳು, ಮತ್ತು ಅವಳ ಗಮನವೆಲ್ಲ ಏಳನೆಯ ಕಲ್ಲಿನ ಮೇಲಿತ್ತು.

ನನ್ನ ಮಗ ಎಲ್ಲರಿಗಿಂತ ಚಿಕ್ಕವನು. ಅವನನ್ನು ದೊಡ್ಡ ಮಕ್ಕಳು "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದು ಸೇರಿಸಿಕೊಂಡರು. ಈ ನಿಯಮವನ್ನು ಯಾರು ಮಾಡಿದರೋ, ಅವರಿಗೆ ಕೈ ಮುಗಿಯಬೇಕು. ಔಟಾದರೂ ಔಟಿಲ್ಲ, ಸೋಲಿನ ಹೊರೆಯಿಲ್ಲ, ಆದರೆ ಓಡುವುದು ಎಲ್ಲರಷ್ಟೇ. ಶಾಲೆಯ ಕ್ರೀಡೆಗಳಲ್ಲಿ ನಿಧಾನದ ಮಗು ಮೊದಲು ಔಟಾಗಿ ಬದಿಯಲ್ಲಿ ಕೂರುತ್ತದೆ, ಅಂದರೆ ಯಾರಿಗೆ ಓಟ ಹೆಚ್ಚು ಬೇಕೋ ಅವರಿಗೇ ಓಟ ಕಡಿಮೆ ಸಿಗುತ್ತದೆ. ಬೀದಿಯ ಮಕ್ಕಳು ಇದನ್ನು ತಾವಾಗಿಯೇ ಸರಿಪಡಿಸಿಕೊಂಡಿದ್ದರು. ನಂತರದ ದಿನಗಳಲ್ಲಿ ಕುಂಟೆಬಿಲ್ಲೆ ಬಂತು, ಕೆರೆ-ದಡ ಬಂತು, ಖಾಲಿ ಸೈಟಿನ ಸೀಬೆ ಮರದಲ್ಲಿ ಮರಕೋತಿ ಬಂತು. ಕುಂಟೆಬಿಲ್ಲೆಯಲ್ಲಿ ಒಂಟಿ ಕಾಲಿನ ಮೇಲೆ ಕುಪ್ಪಳಿಸುವಾಗ ದೇಹದ ಭಾರವೆಲ್ಲ ಒಂದೇ ಕಾಲಿನ ಮೂಳೆಯ ಮೇಲೆ ಬೀಳುತ್ತದೆ, ಮತ್ತು ಮೂಳೆ ಗಟ್ಟಿಯಾಗುವುದು ಹೀಗೆ ಮತ್ತೆ ಮತ್ತೆ ಬೀಳುವ ಭಾರದಿಂದಲೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರದ ಮೂರು ದಿನದ ಲೆಕ್ಕವನ್ನು ಸೀಮೆಸುಣ್ಣದ ಎಂಟು ಚೌಕಗಳು ತುಂಬಿಕೊಟ್ಟವು.

ಮಧ್ಯಾಹ್ನದ ವಿಷಯದಲ್ಲಿ ನಾನು ಕಲಿತದ್ದು ತಪ್ಪು ಮಾಡಿದ ಮೇಲೆ. ಆಟದ ಹುಚ್ಚು ಹತ್ತಿದ್ದೇ ತಡ, ಮಕ್ಕಳು ಊಟಕ್ಕೆ ಮೊದಲೂ ಸೈಟಿಗೆ ಹೋಗಿ ಕ್ರಿಕೆಟ್ ಆಡತೊಡಗಿದರು. ಆಡಲಿ ಬಿಡು, ಮೊಬೈಲಿಗಿಂತ ವಾಸಿ ಎಂದು ನಾನು ಸುಮ್ಮನಿದ್ದೆ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ, ಒಂದು ಗಂಟೆಗೆ, ಮಗ ಮನೆಗೆ ಬಂದಾಗ ಮುಖ ಕೆಂಡದಂತಾಗಿತ್ತು. ತಲೆನೋವು ಎಂದ, ಜಗಲಿಯಲ್ಲೇ ವಾಂತಿ ಮಾಡಿಕೊಂಡ, ಕೈಕಾಲು ತಣ್ಣಗೆ ಒದ್ದೆಯಾಗಿದ್ದವು. ನನ್ನ ಅತ್ತೆ ಅವನನ್ನು ಒಳಗೆ ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಹಳೆಯ ಪಂಚೆಯನ್ನು ನೀರಿಗೆ ಅದ್ದಿ ಮೈಗೆಲ್ಲ ಒರೆಸಿ, ಚಮಚದಲ್ಲಿ ಸಕ್ಕರೆ ಉಪ್ಪಿನ ನೀರು ಕುಡಿಸಿದರು. ಸಂಜೆ ನೋಡಿದ ವೈದ್ಯರು ಬಿಸಿಲಿನ ಬಳಲಿಕೆ ಎಂದರು. ಮಾತು ತೊದಲಿದ್ದರೆ, ಗಲಿಬಿಲಿಗೊಂಡಿದ್ದರೆ ಅಥವಾ ಜ್ಞಾನ ತಪ್ಪಿದ್ದರೆ ಅದು ಬಿಸಿಲಾಘಾತವೆಂದು ತಿಳಿದು, ಮೈಯನ್ನು ತಣಿಸುತ್ತಲೇ ಆಸ್ಪತ್ರೆಗೆ ಓಡಬೇಕಿತ್ತು ಎಂದೂ ಎಚ್ಚರಿಸಿದರು.

ಮಕ್ಕಳ ದೇಹ ದೊಡ್ಡವರ ದೇಹದ ಚಿಕ್ಕ ಪ್ರತಿಯಲ್ಲ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ಹೆಚ್ಚು, ಆದ್ದರಿಂದ ಸುತ್ತಲಿನ ಗಾಳಿ ಮೈಗಿಂತ ಬಿಸಿಯಾಗಿದ್ದಾಗ ಅವರು ಶಾಖವನ್ನು ಬೇಗ ಹೀರಿಕೊಳ್ಳುತ್ತಾರೆ. ಬೆವರುವುದೂ ನಮಗಿಂತ ಕಡಿಮೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಆಟದ ನಡುವೆ ಅವರಿಗೆ ಬಾಯಾರಿಕೆ ನೆನಪಾಗುವುದಿಲ್ಲ. ಮೈಸೂರನ್ನು ನಾವು ತಂಪಿನ ಊರು ಎಂದು ಹೇಳಿಕೊಳ್ಳುತ್ತೇವೆ, ಆದರೆ ಬೆಂಗಳೂರಿನಂಥ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಕಲಬುರಗಿ, ರಾಯಚೂರಿನ ತಾಯಂದಿರಿಗೆ ಈ ಪಾಠವನ್ನು ಯಾರೂ ಹೇಳಬೇಕಾಗಿಲ್ಲ. ಅಲ್ಲಿ ಹನ್ನೊಂದರ ಮೇಲೆ ಬೀದಿಯೇ ಖಾಲಿಯಾಗುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ದಿನಕ್ಕೆ ಎರಡು ತುದಿ: ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಐದರಿಂದ ಕತ್ತಲಾಗುವವರೆಗೆ. ನಡುವಿನ ಹೊತ್ತು ಚೌಕಾಬಾರ, ಅಳಿಗುಳಿಮಣೆ, ಪುಸ್ತಕ, ನಿದ್ದೆ. ಆ ಹೊತ್ತಿನಲ್ಲಿ ಮಕ್ಕಳು ಏನೂ ಮಾಡದೆ ಬಿದ್ದುಕೊಂಡರೂ ಈಗ ನನಗೆ ಆತಂಕವಾಗುವುದಿಲ್ಲ.

ಕುಡಿಯುವುದಕ್ಕೆ ನಮ್ಮವರು ಮೊದಲೇ ದಾರಿ ಮಾಡಿಟ್ಟಿದ್ದಾರೆ. ಉಪ್ಪು ಹಾಕಿದ ನೀರುಮಜ್ಜಿಗೆ, ಬೆಲ್ಲ-ನಿಂಬೆಯ ಪಾನಕ, ರಾಗಿ ಅಂಬಲಿ, ಜೊತೆಗೆ ಕರಬೂಜ, ತಾಟಿನಿಂಗು. ಹೆಚ್ಚು ಬೆವರಿ ದಣಿದ ದಿನ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡುತ್ತೇನೆ. ಈ ಅಳತೆಯನ್ನು ಕಣ್ಣಂದಾಜಿಗೆ ಬಿಡಬಾರದು. ಮೂಲೆ ಮನೆಯ ಗೇಟಿನ ಬಳಿ ಒಂದು ಮಣ್ಣಿನ ಹೂಜಿ ಮತ್ತು ನಾಲ್ಕು ಸ್ಟೀಲ್ ಲೋಟ ಇಟ್ಟ ಮೇಲೆ ಮಕ್ಕಳು ಕುಡಿಯುವ ನೀರು ಎರಡು ಪಟ್ಟಾಯಿತು. ಕಣ್ಣೆದುರು ಇದ್ದರೆ ಕುಡಿಯುತ್ತಾರೆ, ಒಳಗೆ ಬಂದು ಕುಡಿ ಎಂದರೆ ಬರುವುದಿಲ್ಲ.

ಬೆಳಗಿನ ಹೊತ್ತಿಗೆ ಕಳೆದ ವರ್ಷ ಚಾಮುಂಡಿ ಬೆಟ್ಟ ಸೇರಿಕೊಂಡಿತು. ಸಾವಿರ ಮೆಟ್ಟಿಲು ಎಂದೇ ನಾವು ಕರೆಯುವ ಆ ದಾರಿಯನ್ನು ಆರು ಗಂಟೆಗೆ ಹತ್ತಲು ತೊಡಗಿದರೆ ಬಿಸಿಲು ಬಲಿಯುವ ಮೊದಲು ನಂದಿಯ ಬಳಿ ಇರಬಹುದು. ಮೊದಲ ಭಾನುವಾರ ಮಗಳು ನೂರೈವತ್ತು ಮೆಟ್ಟಿಲಿಗೆ ಕುಳಿತುಬಿಟ್ಟಳು. ನಮ್ಮ ಪಕ್ಕದಲ್ಲಿ ಒಬ್ಬ ಅಜ್ಜಿ ಪ್ರತಿ ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತ, ಒಂದು ಮೆಟ್ಟಿಲನ್ನೂ ಬಿಡದೆ, ಅವಸರವಿಲ್ಲದೆ ಏರುತ್ತಿದ್ದರು. ಮಗಳು ಅವರನ್ನೇ ನೋಡುತ್ತ ಕುಳಿತಿದ್ದವಳು ಎದ್ದು, "ಅಜ್ಜಿ, ನಾನು ಕುಂಕುಮದ ಬಟ್ಟಲು ಹಿಡಿದುಕೊಳ್ಳಲಾ?" ಎಂದು ಕೇಳಿ, ಅವರ ಜೊತೆಯಲ್ಲೇ ಬಾಗಿ ಬಾಗಿ ಇನ್ನೂರು ಮೆಟ್ಟಿಲು ಹತ್ತಿದಳು. ಆ ದಿನ ನಂದಿಯವರೆಗೆ ಹೋಗಲಾಗಲಿಲ್ಲ. ಮೇ ತಿಂಗಳ ಮೂರನೆಯ ಭಾನುವಾರ ನಂದಿಯನ್ನು ದಾಟಿ ದೇವಸ್ಥಾನದವರೆಗೆ ಹೋದೆವು. ಇಳಿಯುವಾಗ ನಡುಗಿದ್ದು ನನ್ನ ಮೊಣಕಾಲು, ಅವಳದಲ್ಲ.

ಹಗಲಿನ ಬೆಳಕಿನಲ್ಲಿ ಹೊರಗಿರುವುದರಿಂದ ಕಣ್ಣಿಗೂ ಒಂದು ಲಾಭವಿದೆ. ಹೊರಗೆ ಕಡಿಮೆ ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚು ಎಂಬುದು ಹಲವು ದೇಶಗಳಲ್ಲಿ ಕಂಡುಬಂದಿದೆ. ತೈವಾನ್ 2010ರಿಂದ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರುವಂತೆ ಉತ್ತೇಜಿಸುತ್ತ ಬಂದಿದೆ. ಸಂಜೆ ಐದರ ತಂಪು ಬೆಳಕು ಕೂಡ ಟ್ಯೂಬ್‌ಲೈಟಿನ ಕೋಣೆಗಿಂತ ಎಷ್ಟೋ ಪಟ್ಟು ಪ್ರಖರ, ಆದ್ದರಿಂದ ಇದಕ್ಕೆ ಸುಡುವ ಬಿಸಿಲು ಬೇಕಿಲ್ಲ.

ಇಲ್ಲಿ ಒಂದು ಗಂಭೀರ ಮಾತನ್ನು ಹೇಳಲೇಬೇಕು. ಪ್ರತಿ ಬೇಸಿಗೆಯಲ್ಲೂ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಕೆರೆಯಲ್ಲಿ, ನಾಲೆಯಲ್ಲಿ, ಕೃಷಿ ಹೊಂಡದಲ್ಲಿ ಮುಳುಗಿ ಸತ್ತ ಮಕ್ಕಳ ಸುದ್ದಿ ಬರುತ್ತದೆ. ಅಜ್ಜಿಯ ಊರಿಗೆ ಬಂದ ಪೇಟೆಯ ಮಕ್ಕಳು, ಒಬ್ಬನನ್ನು ಉಳಿಸಲು ಹೋದ ಇನ್ನೊಬ್ಬ, ದಡದಲ್ಲಿ ಬಿಟ್ಟ ಚಪ್ಪಲಿ. ಮಳೆನೀರು ಹಿಡಿಯಲು ತೋಡಿದ ಕೃಷಿ ಹೊಂಡಗಳು ರೈತನ ಬೆಳೆಗೆ ಆಧಾರ, ಆದರೆ ಪ್ಲಾಸ್ಟಿಕ್ ಹಾಸಿದ ಅದರ ಇಳಿಜಾರು ಒದ್ದೆಯಾದರೆ ದೊಡ್ಡವರಿಗೂ ಹತ್ತಿ ಬರಲಾಗದಷ್ಟು ಜಾರುತ್ತದೆ. ನಾಲೆಯ ನೀರು ಮೇಲೆ ಶಾಂತ, ಒಳಗೆ ಸೆಳೆತ. ನನ್ನ ತಂದೆ ಹಳ್ಳಿಯ ಬಾವಿಯಲ್ಲಿ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಅವರ ಚಿಕ್ಕಪ್ಪ ಮೇಲಿನಿಂದ ಹಗ್ಗ ಹಿಡಿದಿದ್ದಾಗ ಈಜು ಕಲಿತವರು. ಹಳ್ಳಿಗಳಲ್ಲಿ ಈಜು ಹೀಗೆ ಹಿರಿಯರ ಕಾವಲಿನಲ್ಲಿ ಮಕ್ಕಳ ಮೈಗೆ ಬರುತ್ತಿತ್ತು. ಆ ಕಾವಲು ಇಲ್ಲವಾಗಿದೆ, ನೀರು ಮಾತ್ರ ಹಾಗೆಯೇ ಇದೆ. ರಜೆಯಲ್ಲಿ ಒಂದೇ ಒಂದು ತರಬೇತಿಗೆ ದುಡ್ಡು ಕೊಡಬಹುದಾದರೆ ಈಜಿಗೆ ಕೊಡಿ ಎಂದು ನಾನು ಎಲ್ಲ ತಂದೆತಾಯಿಯರನ್ನೂ ಕೇಳಿಕೊಳ್ಳುತ್ತೇನೆ. ಕಲಿತ ಮೇಲೂ ಈಜು ಬಲ್ಲ ದೊಡ್ಡವರಿಲ್ಲದೆ ನೀರಿಗೆ ಬಿಡಬೇಡಿ. ಸಿಡಿಲಿನ ವಿಷಯದಲ್ಲೂ ಇಷ್ಟೇ ಕಟ್ಟುನಿಟ್ಟು ಬೇಕು: ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಆಟ ನಿಲ್ಲಬೇಕು, ಮಕ್ಕಳು ಮರದಡಿಗೆ ಓಡದೆ ಮನೆಯೊಳಗೆ ಬರಬೇಕು.

ಈಗ ಮಗಳಿಗೆ ಹನ್ನೊಂದು. ಈ ವರ್ಷ ನನ್ನ ಚಿಂತೆ ಬೇರೆಯಾಗಿದೆ. ಬೀದಿಯಲ್ಲಿ ಮೊದಲಿದ್ದ ಐದು ಹುಡುಗಿಯರಲ್ಲಿ ಇಬ್ಬರು ದೊಡ್ಡವರು ಆಟಕ್ಕೆ ಬರುವುದನ್ನು ನಿಲ್ಲಿಸಿದ್ದಾರೆ. ಒಬ್ಬಳ ಅಮ್ಮ, "ದೊಡ್ಡವಳಾದಳಲ್ಲ, ಬೀದೀಲಿ ಕುಣಿದರೆ ನೋಡಿದವರು ಏನಂತಾರೆ" ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2016ರ ಅಂಕಿ ಅಂಶಗಳನ್ನು ಕಲೆ ಹಾಕಿದಾಗ, ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ಈ ಏಳು ಅಂಕಿಗಳ ಅಂತರ ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ನಮ್ಮ ಕ್ರಾಸಿನಲ್ಲೇ ನೋಡುತ್ತಿದ್ದೇನೆ. ಮೂಳೆ ಅತಿ ಹೆಚ್ಚು ಬಲ ಕೂಡಿಸಿಕೊಳ್ಳುವ ವಯಸ್ಸಿನಲ್ಲೇ ನಾವು ಹುಡುಗಿಯರನ್ನು ಒಳಗೆ ಕರೆಯುತ್ತಿದ್ದೇವೆ. ಅದಕ್ಕೆ ನಾನೂ ಇನ್ನಿಬ್ಬರು ಅಮ್ಮಂದಿರೂ ಸೇರಿ ಒಂದು ನಿರ್ಧಾರ ಮಾಡಿ, ಸಂಜೆ ಆರರಿಂದ ಏಳರವರೆಗೆ ಸೈಟಿನಲ್ಲಿ ನೆಟ್ ಕಟ್ಟಿ ಥ್ರೋಬಾಲ್ ಆಡಲು ತೊಡಗಿದೆವು. ಅಮ್ಮಂದಿರೇ ಆಡುವ ಕಡೆ ಹೆಣ್ಣುಮಕ್ಕಳು ಆಡಬಾರದು ಎನ್ನುವುದು ಯಾರಿಗೂ ಸುಲಭವಲ್ಲ. ಬಿಟ್ಟುಹೋಗಿದ್ದ ಇಬ್ಬರಲ್ಲಿ ಒಬ್ಬಳು ಮರಳಿ ಬಂದಿದ್ದಾಳೆ.

ಸೈಟಿನ ಮಾಲೀಕರು ಮುಂದಿನ ವರ್ಷ ಮನೆ ಕಟ್ಟುತ್ತಾರಂತೆ. ನಮ್ಮ ಮನೆಯಿಂದ ಐದು ನಿಮಿಷದ ದಾರಿಯಲ್ಲಿ ಒಂದು ಶಾಲೆಯ ಮೈದಾನವಿದೆ, ಸುತ್ತ ಹೊಂಗೆ ಮರಗಳಿವೆ, ರಜೆಯುದ್ದಕ್ಕೂ ಗೇಟಿಗೆ ಬೀಗ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು ಹೇಳುತ್ತದೆ. ಇರುವ ಮೈದಾನ ಮಕ್ಕಳಿಗೆ ಬಿಡುವಿರುವ ತಿಂಗಳಲ್ಲೇ ಮುಚ್ಚಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಗೇಟು ತೆರೆಯಿರಿ, ಕಾವಲಿಗೆ ನಾವು ಸರದಿಯಲ್ಲಿ ಬರುತ್ತೇವೆ, ಏನಾದರೂ ಮುರಿದರೆ ರಿಪೇರಿ ನಮ್ಮದು ಎಂದು ಮನವಿ ಬರೆದು ಒಂಬತ್ತು ಮನೆಯವರೂ ಸಹಿ ಹಾಕಿದ್ದೇವೆ. ಮೂಲೆ ಮನೆಯ ಮೇಷ್ಟ್ರು ತಮ್ಮ ಸಹಿಯ ಕೆಳಗೆ, ಸಂಜೆ ಕುರ್ಚಿಯನ್ನು ಅಲ್ಲಿಗೇ ತರುವುದಾಗಿ ಒಂದು ಸಾಲು ಸೇರಿಸಿದ್ದಾರೆ. ಸೋಮವಾರ ನಾವಿಬ್ಬರೂ ಹೋಗಿ ಅದನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಡಲಿದ್ದೇವೆ.